ಇಪ್ಪತ್ತೈದು ಥೌ ಕಿಡಿ

ಬೆಂಗಳೂರು–ಮೈಸೂರು ದಾರಿಯಲ್ಲಿ ಹಳೆಯ ಕಾರೊಂದು ಮದ್ದೂರಿನಲ್ಲಿ ಕೈಕೊಟ್ಟರೆ ಮೊದಲು ಬೈಸಿಕೊಳ್ಳುವುದು ಸ್ಪಾರ್ಕ್ ಪ್ಲಗ್ಗು. ಬೆಂಗಳೂರಿನಿಂದ ತಕರಾರಿಲ್ಲದೆ ಬಂದ ಎಂಜಿನ್ನು, ಮಾಲೀಕರು ವಡೆ ತಿಂದು ಕಾಫಿ ಕುಡಿದು ಬರುವಷ್ಟರಲ್ಲಿ ಮುನಿಸಿಕೊಂಡಿರುತ್ತದೆ. ಸೆಲ್ಫ್ ಹೊಡೆದರೆ ಗಿರಗಿರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಸುತ್ತ ನಾಲ್ಕು ಜನ ಸೇರುತ್ತಾರೆ. ‘ಪ್ಲಗ್ ಹೋಗೈತೆ ಕಣಣ್ಣ, ಬದ್ಲಾಯ್ಸಿ ಅತ್ಲಾಗೆ’ ಎಂಬ ತೀರ್ಪು ಬರುತ್ತದೆ. ನಾಲ್ಕು ಹೊಸ ಪ್ಲಗ್ ತರಿಸಿ, ಹಾಕಿ, ಮತ್ತೆ ಸೆಲ್ಫ್ ಹೊಡೆದರೆ ಕಾರು ಶುರು. ತೀರ್ಪು ಕೊಟ್ಟವರು ಮೀಸೆ ತಿರುವುತ್ತಾರೆ.

ಅಷ್ಟರಲ್ಲಿ ಅರ್ಧ ಗಂಟೆ ಕಳೆದುಹೋಗಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾದ ಎಂಜಿನ್ನು ನಿಂತೊಡನೆ ಫ್ಯಾನೂ ನೀರಿನ ಪಂಪೂ ನಿಲ್ಲುತ್ತವೆ. ಮೈಯಲ್ಲಿ ಉಳಿದ ಬಿಸಿಯೆಲ್ಲ ಮೇಲೇರಿ ಕಾರ್ಬ್ಯುರೇಟರಿನ ಬಟ್ಟಲಲ್ಲಿರುವ ಪೆಟ್ರೋಲನ್ನು ಕುದಿಸುತ್ತದೆ. ಪೆಟ್ರೋಲು ಪೈಪಿನೊಳಗೆ ಆವಿ ಕಟ್ಟುತ್ತದೆ, ಇಲ್ಲವೇ ಎಂಜಿನ್ನಿನೊಳಗೆ ಉಕ್ಕಿ ಪ್ಲಗ್ಗನ್ನು ತೋಯಿಸುತ್ತದೆ. ಕಾದ ಕಾಯಿಲ್ ಕೂಡ ತನ್ನ ಪೂರ್ತಿ ಶಕ್ತಿಯ ಕರೆಂಟು ಕೊಡುವುದಿಲ್ಲ. ಬಾನೆಟ್ ಎತ್ತಿ, ಪ್ಲಗ್ ಬಿಚ್ಚಿ, ಹೊಸದನ್ನು ತರಿಸಿ ಹಾಕುವ ಹೊತ್ತಿನಲ್ಲಿ ಎಲ್ಲವೂ ತಣ್ಣಗಾಗಿರುತ್ತದೆ. ಹಳೆಯ ನಾಲ್ಕನ್ನೇ ಒರೆಸಿ ಹಾಕಿದ್ದರೂ ಬಹುಪಾಲು ಕಾರುಗಳು ಆಗ ಶುರುವಾಗುತ್ತಿದ್ದವು.

ಹಾಗೆಂದು ಪ್ಲಗ್ಗು ನಗಣ್ಯವಲ್ಲ. ಎಂಜಿನ್ ಬಿಚ್ಚದೆ ಅದರ ಹೊಟ್ಟೆಯೊಳಗಿನ ಸಮಾಚಾರ ತಿಳಿಸುವ ಭಾಗ ಅದೊಂದೇ. ಸರಿಯಾದುದನ್ನು ಆರಿಸಿ, ಸರಿಯಾದ ಗ್ಯಾಪ್ ಇಟ್ಟು ಹಾಕಿದರೆ ಮಾತ್ರ ಅದು ನಿಜ ಹೇಳುತ್ತದೆ. ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ ಈಗ ಈ ಆಯ್ಕೆ ಮೊದಲಿಗಿಂತ ತೊಡಕಿನದಾಗಿದೆ. ಕಾರಣ ಎರಡು, ಹೊಸ ಹೆದ್ದಾರಿ ಮತ್ತು ಕಬ್ಬು.

ಕಿಡಿಯ ಕಥೆಯನ್ನು ಮಳವಳ್ಳಿ ತಾಲ್ಲೂಕಿನಿಂದಲೇ ಶುರುಮಾಡಬಹುದು. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ಕರೆಂಟು ಹರಿಯಿತು. ಮೂವತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ ಅಷ್ಟು ದೂರ ವಿದ್ಯುತ್ ಸಾಗಿಸುವುದು ಜಗತ್ತೇ ತಿರುಗಿ ನೋಡುವ ಸಂಗತಿಯಾಗಿತ್ತು. ಯೋಜನೆಗೆ ಹೆಗಲು ಕೊಟ್ಟ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಅದೇ 1902ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಎಂಜಿನಿಯರ್ ಗಾಟ್ಲಾಬ್ ಹೊನಾಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ಮತ್ತು ಅದರ ಜೊತೆಗೆ ಕೆಲಸ ಮಾಡುವ ಸ್ಪಾರ್ಕ್ ಪ್ಲಗ್ಗನ್ನು ರೂಪಿಸಿದರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಒಪ್ಪಿದೆ. ಆದರೂ ಕರೆಂಟನ್ನು ಪಿಂಗಾಣಿಯ ಹಿಡಿತದಲ್ಲಿಟ್ಟು, ಎಲ್ಲಿ ಬೇಕೋ ಅಲ್ಲಿ ಮಾತ್ರ ಬಿಡುವ ವಿದ್ಯೆ ಎರಡು ಕಡೆಯೂ ಒಂದೇ. ಕಾವೇರಿ ದಂಡೆಯ ಕಂಬಗಳ ಮೇಲೂ ಪಿಂಗಾಣಿ, ಪ್ಲಗ್ಗಿನ ಬಿಳಿ ಮೈಯೂ ಅದೇ ಜಾತಿ.

ತೆರೆದ ಗಾಳಿಯಲ್ಲಿ ಒಂದು ಮಿಲಿಮೀಟರ್ ಸಂದನ್ನು ಕಿಡಿ ಹಾರಿ ದಾಟಲು ಸುಮಾರು 3,000 ವೋಲ್ಟ್ ಸಾಕು. ಪಿಸ್ಟನ್ ಮೇಲೆ ಬಂದು ಒಳಗಿನ ಮಿಶ್ರಣವನ್ನು ಅದುಮಿದಾಗ ಅದರ ಹಲವು ಪಟ್ಟು ಬೇಕು. ಹೀಗಾಗಿ ಪ್ಲಗ್ಗನ್ನು ಹೊರಗೆ ಬಿಚ್ಚಿ, ಎಂಜಿನ್ನಿಗೆ ತಾಗಿಸಿ ‘ಕರೆಂಟ್ ಬತ್ತೈತೆ’ ಎಂದು ನೋಡಿ ಖುಷಿಪಡುವುದು ಅರ್ಧ ಪರೀಕ್ಷೆ ಅಷ್ಟೇ. ಹೊರಗೆ ಜೋರಾಗಿ ಕಾಣುವ ಕಿಡಿ ಒಳಗಿನ ಒತ್ತಡದಲ್ಲಿ ಸತ್ತುಹೋಗಬಹುದು. 6 ವೋಲ್ಟ್ ಬ್ಯಾಟರಿಯ ಹಳೆಯ ಕಾರುಗಳಲ್ಲಂತೂ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಇನ್ನೂ ಕುಗ್ಗಿ, ಕಾಯಿಲಿಗೆ ಸಿಗುವುದು ಚಿಲ್ಲರೆ ಮಾತ್ರ. ಗ್ಯಾಪಿನ ಮಾತು ಬಂದಾಗ ಈ ಬಡತನವನ್ನು ನೆನಪಿಡಬೇಕು.

ನಮ್ಮ ಕಡೆ ಉಳಿದಿರುವ ಹಳೆಯ ಪೆಟ್ರೋಲ್ ಗಾಡಿಗಳು ಯಾವುವು? ಮೊದಲನೆಯದು ಜೀಪು, ವಿಲ್ಲೀಸ್ ನಕ್ಷೆಯಲ್ಲಿ ಮಹೀಂದ್ರ ತಯಾರಿಸಿದ್ದು. ಆಮೇಲೆ ಅಂಬಾಸಡರ್, ಫಿಯೆಟ್, ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್. ಇವಕ್ಕಿಂತ ಹಿರಿಯರನ್ನು ನೋಡಬೇಕೆಂದರೆ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲೇ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರು ಮ್ಯೂಸಿಯಂ ಇದೆ. ಜೀಪುಗಳ ವಿಚಾರದಲ್ಲಿ ಒಂದು ತಮಾಷೆ. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿಕೊಂಡವರೇ ಹಳ್ಳಿಗಳಲ್ಲಿ ಹೆಚ್ಚು. ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ ಬೇಡವೇ ಬೇಡ. ಆಲೆಮನೆ, ಪಂಪ್‌ಸೆಟ್ಟುಗಳ ಡೀಸೆಲ್ ಎಂಜಿನ್ನನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಕೈಗಳು ಮಂಡ್ಯದಲ್ಲಿ ಬೇಕಾದಷ್ಟಿವೆ. ಪ್ಲಗ್ಗಿನ ಗ್ಯಾಪ್ ಹಿಡಿಯಬಲ್ಲ ಕೈಗಳು ಕಡಿಮೆಯಾಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಿಂದ ಆ ಕಿತ್ತ ಎಂಜಿನ್ನುಗಳಿಗೆ ಮತ್ತೆ ಬೆಲೆ ಬಂದಿದೆ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನಲ್ಲಿ ‘ವಿಎ’ ಅಕ್ಷರ ಇರುತ್ತದೆ. ಎಂಜಿನ್ ಬದಲಿಸಿದ್ದರೆ ತಕರಾರು. ಅದೇ ನಿಯಮದ ಇನ್ನೊಂದು ಷರತ್ತಿನ ಪ್ರಕಾರ ಈ ಗಾಡಿಗಳನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಂಥವಕ್ಕೆ ಮಾತ್ರ. ಪ್ಲಗ್ಗಿನ ಮಟ್ಟಿಗೆ ಇದು ಒಳ್ಳೆಯ ಸುದ್ದಿಯಲ್ಲ. ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಚೋಕ್ ಎಳೆದು ಐದು ನಿಮಿಷ ಎಂಜಿನ್ ಓಡಿಸಿ ಮತ್ತೆ ಕವರ್ ಹೊದಿಸುತ್ತಾರಲ್ಲ, ಪ್ಲಗ್ಗನ್ನು ಕೆಡಿಸಲು ಅದಕ್ಕಿಂತ ಖಚಿತವಾದ ದಾರಿ ಇಲ್ಲ. ಏಕೆಂಬುದು ಮುಂದೆ ಬರುತ್ತದೆ.

ಅಂಗಡಿಗೆ ಹೋದಾಗ ಮೊದಲು ನೋಡಬೇಕಾದ್ದು ಪ್ಲಗ್ಗಿನ ಮರೆಯ, ಅಂದರೆ ಥ್ರೆಡ್ಡಿನ, ದಪ್ಪ ಮತ್ತು ಉದ್ದ. ಹೆಚ್ಚಿನ ಕಾರುಗಳದು 14 ಮಿ.ಮೀ. ಮರೆ. ತುಂಬ ಹಳೆಯವಕ್ಕೆ 18 ಮಿ.ಮೀ. ಉಂಟು. ಫೋರ್ಡ್ ಮಾಡೆಲ್ ಎ ಕಾರಿಗೆ ಮುಕ್ಕಾಲು ಇಂಚನ್ನೂ ಮೀರಿದ ದಪ್ಪ, ಎಂಟರಲ್ಲಿ ಏಳು ಭಾಗ ಇಂಚು. ಮಾಡೆಲ್ ಟಿ ಕಾರಿನದು ನೀರಿನ ಪೈಪಿನ ಮರೆಯ ಹಾಗೆ ತುದಿಗೆ ಹೋದಂತೆ ಸಣ್ಣಗಾಗುವ ಅರ್ಧ ಇಂಚಿನ ಮರೆ. ದಪ್ಪ ತಪ್ಪಿದರೆ ಪ್ಲಗ್ಗು ಕೂರುವುದೇ ಇಲ್ಲ, ಅಪಾಯವೂ ಇಲ್ಲ. ಎಡವುವುದು ಉದ್ದದಲ್ಲಿ. ವಿಲ್ಲೀಸ್ ಜೀಪಿಗೆ ಹೇಳಿದ ಪ್ಲಗ್ಗು ಚಾಂಪಿಯನ್ ಜೆ8, ಅದರ ಮರೆಯ ಉದ್ದ 9.5 ಮಿ.ಮೀ. ಅಂಬಾಸಡರಿನ ಬಿಎಂಸಿ ಎಂಜಿನ್ನಿಗೆ ಹೇಳಿದ್ದು ಎನ್5, ಉದ್ದ 19 ಮಿ.ಮೀ. ಎರಡೂ 14ರ ದಪ್ಪವೇ. ಹಾಗಾಗಿ ಅಂಬಾಸಡರಿನ ಪ್ಲಗ್ಗು ಜೀಪಿಗೆ ಸಲೀಸಾಗಿ ಕೂರುತ್ತದೆ, ಕೂತು ಸುಮಾರು ಒಂದು ಸೆಂಟಿಮೀಟರ್ ಒಳಗೆ ಚಾಚುತ್ತದೆ. ಜೀಪಿನ ಹಳೆಯ ಸೈಡ್‌ವಾಲ್ವ್ ಎಂಜಿನ್ನಿನಲ್ಲಿ ಆ ಜಾಗದಲ್ಲಿ ವಾಲ್ವುಗಳು ಏಳುತ್ತಿರುತ್ತವೆ. ತಾಗಿದರೆ ಆಯಿತು ಕಥೆ. ತಾಗದಿದ್ದರೂ ಒಳಗೆ ಚಾಚಿದ ಮರೆಗೆ ಕಾರ್ಬನ್ ಕಟ್ಟಿ, ಬಿಚ್ಚುವಾಗ ಹೆಡ್ಡಿನ ಮರೆಯನ್ನೂ ಕಿತ್ತುಕೊಂಡು ಬರುತ್ತದೆ. ಉಲ್ಟಾ, ಜೀಪಿನ ಪ್ಲಗ್ಗನ್ನು ಅಂಬಾಸಡರಿಗೆ ಹಾಕಿದರೆ ಕಿಡಿ ಗುಳಿಯೊಳಗೆ ಹುಟ್ಟಿ, ಮಿಶ್ರಣಕ್ಕೆ ತಲುಪಲು ತಡಕಾಡುತ್ತದೆ. ಹೆಡ್ಡಿನ ಖಾಲಿ ಮರೆಯಲ್ಲಿ ಮಸಿ ತುಂಬುತ್ತದೆ. ಮುಂದೆ ಸರಿಯಾದ ಪ್ಲಗ್ ತಂದರೂ ಅದು ಪೂರ್ತಿ ಇಳಿಯುವುದಿಲ್ಲ.

ಇದು ಮುಗಿದ ಮೇಲೆ ಬರುವುದು ಶಾಖದ ಅಂಕ, ಹೀಟ್ ರೇಂಜ್. ಗೊಂದಲದ ತವರು ಇದೇ. ಪ್ಲಗ್ಗಿನ ತುದಿಯಲ್ಲಿ ಕಾಣುವ ಬಿಳಿ ಪಿಂಗಾಣಿ ಮೂಗು ಉದ್ದವಿದ್ದರೆ ಅದು ಹೀರಿದ ಬಿಸಿ ಹೆಡ್ಡಿಗೆ ಇಳಿಯಲು ದೂರ ಸಾಗಬೇಕು, ಮೂಗು ಕಾದೇ ಇರುತ್ತದೆ. ಅದು ಹಾಟ್ ಪ್ಲಗ್. ಮೂಗು ಗಿಡ್ಡವಿದ್ದರೆ ಬಿಸಿ ಬೇಗ ಇಳಿಯುತ್ತದೆ, ಅದು ಕೋಲ್ಡ್ ಪ್ಲಗ್. ಕಿಡಿಯ ಬಿಸಿಗೂ ಈ ಹೆಸರುಗಳಿಗೂ ಸಂಬಂಧವಿಲ್ಲ. ‘ಹಾಟ್ ಪ್ಲಗ್ ಹಾಕಿದರೆ ಕಿಡಿ ಜೋರು’ ಎಂಬುದು ಗ್ಯಾರೇಜಿನ ಮೂಢನಂಬಿಕೆ. ಮೂಗು ಸುಮಾರು 450–500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850–900 ಡಿಗ್ರಿ ದಾಟಿದರೆ ಕೆಂಡವಾಗಿ, ಕಿಡಿ ಬರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಹಾಗೆ ಹೊತ್ತುತ್ತ ಹೋದರೆ ಪಿಸ್ಟನ್ನಿನ ತಲೆ ತೂತಾಗುತ್ತದೆ. ಈ ಎರಡು ಗೆರೆಗಳ ನಡುವೆ ಪ್ಲಗ್ಗನ್ನು ಇಡುವುದೇ ಆಯ್ಕೆಯ ಗುಟ್ಟು. ಶೆಡ್ಡಿನಲ್ಲಿ ಐದು ನಿಮಿಷ ಓಡಿದ ಎಂಜಿನ್ನಿನ ಪ್ಲಗ್ಗು ಕೆಳಗಿನ ಗೆರೆಯನ್ನೇ ಮುಟ್ಟುವುದಿಲ್ಲ. ಚೋಕಿನ ಮಸಿ ವಾರವಾರ ಪದರುಪದರಾಗಿ ಕೂರುತ್ತದೆ. ಶುರುಮಾಡಿದರೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಬೇಕು, ಇಲ್ಲವಾದರೆ ಶುರುಮಾಡದೆ ಬಿಡುವುದೇ ಲೇಸು.

ಈ ಅಂಕವನ್ನು ಕಂಪನಿಗಳು ಬರೆಯುವ ರೀತಿ ಗಿರಾಕಿಯನ್ನು ಗೋಳುಹೊಯ್ದುಕೊಳ್ಳಲೆಂದೇ ಮಾಡಿದಂತಿದೆ. ಚಾಂಪಿಯನ್ನಿನಲ್ಲಿ ಅಂಕ ಹೆಚ್ಚಿದಷ್ಟೂ ಹಾಟ್. ಎನ್‌ಜಿಕೆಯಲ್ಲಿ ಅಂಕ ಹೆಚ್ಚಿದಷ್ಟೂ ಕೋಲ್ಡ್. ಬಾಷ್ ಎರಡೂ ಆಟ ಆಡಿದೆ. ನಮ್ಮ ತಂದೆ, ದೊಡ್ಡಪ್ಪಂದಿರ ಕಾಲದವರಿಗೆ ಬಾಷ್ ಎಂದರೆ ‘ಮೈಕೋ’. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿತು. ಅದರ ಪ್ಲಗ್ಗು ದೇಶದ ಮೂಲೆಮೂಲೆಗೆ ಹೋಯಿತು. ಹೆಸರು ಬಾಷ್ ಲಿಮಿಟೆಡ್ ಆದದ್ದು 2008ರಲ್ಲಿ, ಆದರೆ ಪ್ಲಗ್ ಕೇಳುವವರ ಬಾಯಲ್ಲಿ ಇನ್ನೂ ಮೈಕೋನೇ. ಹಳೆಯ ಲೆಕ್ಕದಲ್ಲಿ ಡಬ್ಲ್ಯು145, ಡಬ್ಲ್ಯು175, ಡಬ್ಲ್ಯು225 ಎಂದು ಏರಿದಂತೆ ಕೋಲ್ಡ್. ಹೊಸ ಲೆಕ್ಕದಲ್ಲಿ ಅವೇ ಡಬ್ಲ್ಯು8, ಡಬ್ಲ್ಯು7, ಡಬ್ಲ್ಯು5 ಆದವು, ಅಂದರೆ ಏರಿದಂತೆ ಹಾಟ್. ಹೀಗಿರುವಾಗ ಅಂಗಡಿಗೆ ಹೋಗಿ ‘ಏಳನೇ ನಂಬರ್ ಪ್ಲಗ್ ಕೊಡಿ’ ಎಂದರೆ ಏನಾಗುತ್ತದೆ? ಬಾಷ್ 7 ಹೆಚ್ಚುಕಡಿಮೆ ಎನ್‌ಜಿಕೆ 6ಕ್ಕೆ ಸಮ. ಬಾಷ್ ಮನಸ್ಸಿನಲ್ಲಿಟ್ಟುಕೊಂಡು ಎನ್‌ಜಿಕೆ 7 ತಂದವರ ಕೈಗೆ ಒಂದು ಮೆಟ್ಟಿಲು ಕೋಲ್ಡ್ ಆದ ಪ್ಲಗ್ಗು ಬಂದಿರುತ್ತದೆ. ಬಿಎಂಸಿ ಎಂಜಿನ್ನಿಗೆ ಇಂದು ಸಿಗುವ ಜೋಡಿಗಳಲ್ಲಿ ಚಾಂಪಿಯನ್ ಎನ್9ವೈಸಿ, ಎನ್‌ಜಿಕೆ ಬಿಪಿ6ಇಎಸ್, ಬಾಷ್ ಡಬ್ಲ್ಯು7ಡಿಸಿ ಒಂದೇ ಮನೆಯವು. ಒಂಬತ್ತು, ಆರು, ಏಳು, ಮೂರೂ ಒಂದೇ! ಅಂಕವನ್ನಲ್ಲ, ಪೂರ್ತಿ ಸಂಕೇತವನ್ನು ಬರೆದುಕೊಂಡು ಹೋಗಬೇಕು ಎನ್ನುವುದು ಇದಕ್ಕೇ.

ಈಗ ರಸ್ತೆಗೆ ಬರೋಣ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಅದೇ ವರ್ಷ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಕಾರಿಗೆ ಅಡ್ಡಿಯಿಲ್ಲ, ಅದು ಅರವತ್ತರ ದಶಕದ್ದಾದರೂ ಸರಿ. ಮದ್ದೂರಿನ ಎಲಿವೇಟೆಡ್ ರಸ್ತೆ ಹತ್ತಿದ ಅಂಬಾಸಡರನ್ನು ಹಿಂದಿನಿಂದ ಬರುವ ಗಾಡಿಗಳ ಭಯಕ್ಕೆ ಎಂಬತ್ತು–ತೊಂಬತ್ತರಲ್ಲಿ ಒಂದೇ ಸಮ ತುಳಿಯಬೇಕಾಗುತ್ತದೆ. ಆ ಎಂಜಿನ್ನು ತನ್ನ ಯೌವನದಲ್ಲಿ ಹಾಗೆ ಗಂಟೆಗಟ್ಟಲೆ ಓಡಿದ್ದೇ ಅಪರೂಪ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಪ್ರತಿ ಊರಿನೊಳಗೂ ಅದು ತಗ್ಗುತ್ತಿತ್ತು, ಉಸಿರು ಬಿಡುತ್ತಿತ್ತು. ಅದೇ ಕಾರು ಮದ್ದೂರಿನಲ್ಲಿ ಇಳಿದು ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ ಹೊರಟರೆ ಲೋಕವೇ ಬೇರೆ. ಕಬ್ಬು ನುರಿಸುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಆಚೀಚೆ ಕಬ್ಬಿನ ಟ್ರ್ಯಾಕ್ಟರು, ಎತ್ತಿನಗಾಡಿಗಳ ಸಾಲು. ಅವುಗಳ ಬೆನ್ನಿಗೆ ಎರಡನೇ ಗೇರಿನಲ್ಲಿ ತೆವಳಬೇಕು. ಹೆದ್ದಾರಿಯಲ್ಲಿ ಮೇಲಿನ ಗೆರೆಗೆ ಹತ್ತಿರವಾಗಿದ್ದ ಪ್ಲಗ್ಗು ಇಲ್ಲಿ ಕೆಳಗಿನ ಗೆರೆಗಿಂತ ಕೆಳಗೆ ಇಳಿದು ಮಸಿ ಹಿಡಿಯುತ್ತದೆ.

ರಿಂಗು ಸವೆದು ಎಣ್ಣೆ ಕುಡಿಯುವ ಎಂಜಿನ್ನಿಗೆ ಒಂದು ಮೆಟ್ಟಿಲು ಹಾಟ್ ಪ್ಲಗ್ ಹಾಕುವುದು ಹಳೆಯ ಉಪಾಯ. ಊರೊಳಗೆ ಓಡುವ ಗಾಡಿಗೆ ಅದು ನಡೆಯುತ್ತದೆ. ಅದೇ ಗಾಡಿಯನ್ನು ಎಕ್ಸ್‌ಪ್ರೆಸ್ ಹೆದ್ದಾರಿಗೆ ಹತ್ತಿಸುವ ಯೋಚನೆಯಿದ್ದರೆ ಈ ಉಪಾಯ ಬೇಡ ಎನ್ನುವುದು ನನ್ನ ಮಾತು. ಮ್ಯಾನ್ಯುಯಲ್ ಹೇಳಿದ ಅಂಕಕ್ಕೇ ನಿಲ್ಲಿ. ಮಸಿ ಹಿಡಿದರೆ ಬಿಚ್ಚಿ ಒರೆಸಬಹುದು, ತೂತಾದ ಪಿಸ್ಟನ್ನನ್ನು ಒರೆಸಲಾಗದು. ರಿಂಗಿನ ಕಾಯಿಲೆಗೆ ರಿಂಗನ್ನೇ ಬದಲಿಸಬೇಕು.

ಗ್ಯಾಪಿನ ವಿಷಯಕ್ಕೆ ಬಂದರೆ ಗ್ಯಾರೇಜಿನವರ ಅಳತೆ ಥೌ, ಇಂಚಿನ ಸಾವಿರದಲ್ಲೊಂದು ಭಾಗ. ಬಿಎಂಸಿ ಎಂಜಿನ್ನಿಗೆ 25 ಥೌ, ಅಂದರೆ 0.64 ಮಿ.ಮೀ. ವಿಲ್ಲೀಸ್ ಜೀಪಿಗೆ 30 ಥೌ, 0.76 ಮಿ.ಮೀ. ಇದನ್ನು ಡೆಲ್ಕೋ, ಅಂದರೆ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಗ್ಯಾಪಿನ ಜೊತೆ ಬೆರೆಸಬಾರದು. ಬಿಎಂಸಿಗೆ ಅದು 14–16 ಥೌ, ಜೀಪಿಗೆ 20. ಬೆರೆಸುವವರು ಇದ್ದಾರೆ, ಎರಡಕ್ಕೂ ಒಂದೇ ಪಟ್ಟಿ ತೂರಿಸಿ ಕೈ ಒರೆಸಿಕೊಳ್ಳುವವರು. ಹೊಸ ಪ್ಲಗ್ಗು ಪೆಟ್ಟಿಗೆಯಿಂದ ಬರುವಾಗಲೇ ಸರಿಯಾಗಿರುತ್ತದೆ ಎಂದೂ ನಂಬಬಾರದು. ಒಂದೇ ಪ್ಲಗ್ಗು ಹತ್ತು ಬಗೆಯ ಎಂಜಿನ್ನುಗಳಿಗೆ ಹೋಗುತ್ತದೆ, ಈಗಿನ ಗಾಡಿಗಳ ಜೋರು ಕಾಯಿಲಿಗೆ ಹೊಂದುವಂತೆ ಅಗಲವಾಗಿಯೇ ಬಂದಿರಬಹುದು. ಸಾಗಿಸುವಾಗ ಬಿದ್ದು ಮುಚ್ಚಿಕೊಂಡಿರಲೂಬಹುದು.

ಅಗಲ ಹೆಚ್ಚಿದರೆ ಕಿಡಿ ಉದ್ದವಾಗುತ್ತದೆ, ಮಿಶ್ರಣಕ್ಕೆ ಚೆನ್ನಾಗಿ ಬೆಂಕಿ ಮುಟ್ಟಿಸುತ್ತದೆ ಎಂಬ ವಾದ ಸುಳ್ಳಲ್ಲ. ಅದಕ್ಕೆ ಬೇಕಾದ ವೋಲ್ಟೇಜು ನಿಮ್ಮ ಹಳೆಯ ಕಾಯಿಲಿನಲ್ಲಿದೆಯೇ ಎನ್ನುವುದು ಪ್ರಶ್ನೆ. ಇಲ್ಲದಿದ್ದರೆ ಕರೆಂಟು ಸುಲಭದ ದಾರಿ ಹುಡುಕುತ್ತದೆ. ಡೆಲ್ಕೋ ಮುಚ್ಚಳದ ಬಿರುಕು, ರೋಟರಿನ ಮೈ, ಒಣಗಿದ ವೈರಿನ ಸೀಳು. ಮಳೆಗಾಲದಲ್ಲಿ ಏರು ಹತ್ತುವಾಗ ಮಾತ್ರ ಮಿಸ್ ಹೊಡೆಯುವ ಕಾರುಗಳ ಕಥೆ ಬಹುಪಾಲು ಇದೇ. ಗ್ಯಾಪ್ ಕಿರಿದಾದರೆ ಕಿಡಿ ತಪ್ಪದೆ ಹಾರುತ್ತದೆ, ಆದರೆ ಪುಟ್ಟದು. ಲೋಹದ ಎರಡು ತುದಿಗಳೇ ಅದರ ಬಿಸಿ ನುಂಗುತ್ತವೆ, ಐಡ್ಲಿಂಗಿನಲ್ಲಿ ಎಂಜಿನ್ನು ಕುಂಟುತ್ತದೆ. ದುರ್ಬಲ ಮ್ಯಾಗ್ನೆಟೋ ಇರುವ ಗಾಡಿಗೆ ಎರಡು ಮೂರು ಥೌ ಕಡಿಮೆ ಮಾಡುವುದು ಕ್ಷಮ್ಯ. ಹೆಚ್ಚು ಮಾಡುವ ಹುಮ್ಮಸ್ಸು ಬೇಡ.

ಅಳೆಯಲು ಫೀಲರ್ ಗೇಜ್ ಇದೆ, ಗ್ಯಾರೇಜಿನಲ್ಲಿ ‘ಫಿಲ್ಲರ್’. ರಸ್ತೆ ಬದಿಯ ಹಳೆಯ ಉಸ್ತಾದರ ಗೇಜು ಮಾತ್ರ ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡು. ನಗಬೇಡಿ. ಕೈಗರಗಸದ ಸಾಮಾನ್ಯ ಬ್ಲೇಡಿನ ದಪ್ಪ 25 ಥೌಗೆ ಕೂದಲೆಳೆಯ ಅಂತರದಲ್ಲಿದೆ. ಹಲ್ಲಿನ ಕಡೆ ಅಲ್ಲ, ಅವು ಆಚೀಚೆ ಬಾಗಿರುತ್ತವೆ, ಬೆನ್ನಿನ ಕಡೆ. ಅಂಬಾಸಡರಿನ ಗ್ಯಾಪನ್ನು ಆಕ್ಸಾ ಬ್ಲೇಡಿನಲ್ಲಿ ಹಿಡಿದವನು ತಪ್ಪು ಮಾಡಿಲ್ಲ. ಅದರಲ್ಲೇ ಜೀಪಿನದನ್ನೂ ಹಿಡಿದರೆ ಐದು ಥೌ ಕಡಿಮೆಯಾಯಿತು.

ಓಡಿದ ಪ್ಲಗ್ಗಿಗೆ ಮಾತ್ರ ಚಪ್ಪಟೆ ಪಟ್ಟಿ ಮೋಸ ಮಾಡುತ್ತದೆ. ಕಿಡಿ ಹೊಡೆದೂ ಹೊಡೆದೂ ಮೇಲಿನ ಕೊಕ್ಕೆಯ ಒಳಮೈಯಲ್ಲಿ ಗುಳಿ ಬಿದ್ದಿರುತ್ತದೆ. ಚಪ್ಪಟೆ ಪಟ್ಟಿ ಆ ಗುಳಿಯ ಅಂಚಿಗೆ ಅಡ್ಡಲಾಗಿ ಕೂತು 25 ಎನ್ನುತ್ತದೆ, ಕಿಡಿ ಹಾರುವ ಜಾಗ 30 ದಾಟಿರಬಹುದು. ದುಂಡು ತಂತಿಯ ಗೇಜು ಗುಳಿಯೊಳಗೆ ಇಳಿಯುತ್ತದೆ. ಅದು ಸಿಗದಿದ್ದರೆ ಚಪ್ಪಟೆ ಅರದಿಂದ ಎರಡೂ ತುದಿಗಳನ್ನು ತೆಳ್ಳಗೆ ಉಜ್ಜಿ ಸಮಮಾಡಿ ಅಳೆಯಬೇಕು. ಉಜ್ಜುವುದರಲ್ಲಿ ಇನ್ನೊಂದು ಲಾಭವುಂಟು: ಕಿಡಿ ಚೂಪಾದ ಅಂಚಿನಿಂದ ಸುಲಭವಾಗಿ ಹಾರುತ್ತದೆ, ಸವೆದು ದುಂಡಾದ ತುದಿಯಿಂದ ಹಾರಲು ಹೆಚ್ಚು ವೋಲ್ಟೇಜು ಕೇಳುತ್ತದೆ. ಸಾವಿರ ಮೈಲಿಗೆ ಸುಮಾರು ಒಂದು ಥೌ ಅಗಲವಾಗುತ್ತದೆ ಎಂಬುದು ಹಳಬರ ಲೆಕ್ಕ. ವರ್ಷಕ್ಕೆ ಎರಡು ರ‍್ಯಾಲಿ ನೋಡುವ ಕಾರಿಗೆ ಸವೆತಕ್ಕಿಂತ ಮಸಿಯೇ ಶತ್ರು.

ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ. ಅಗಲಿಸಲು ಸ್ಕ್ರೂಡ್ರೈವರನ್ನು ನಡುಕಡ್ಡಿಗೆ ಒತ್ತುಕೊಟ್ಟು ಮೀಟುವ ಹುಡುಗರಿಗೆ ಬೈಗುಳ ತಪ್ಪಿದ್ದಲ್ಲ: ‘ಲೇ, ನಡುಕಡ್ಡಿ ಮುಟ್‌ಬ್ಯಾಡ ಕಣ್ಲಾ, ಒಳ್ಗಡೆ ಪಿಂಗಾಣಿ ಸೀಳ್ತದೆ!’ ಸೀಳು ಕಣ್ಣಿಗೆ ಕಾಣುವುದಿಲ್ಲ. ಪ್ಲಗ್ಗು ತಣ್ಣಗಿರುವಾಗ ಸರಿಯಾಗಿ ಕೆಲಸ ಮಾಡಿ, ಕಾದ ಮೇಲೆ ಕರೆಂಟು ಆ ಸೀಳಿನಲ್ಲಿ ಸೋರಲು ಶುರು. ಮುಚ್ಚಲು ಕೊಕ್ಕೆಯನ್ನು ಮರದ ಮೇಜಿನ ಮೇಲೆ ಮೆಲ್ಲಗೆ ತಟ್ಟಬೇಕು. ತುಸು ತಟ್ಟು, ಅಳೆ, ಮತ್ತೆ ತಟ್ಟು. ಗೇಜು ಸಡಿಲವಾಗಿ ಜಾರಬಾರದು, ಬಲ ಹಾಕಿ ತಳ್ಳಬೇಕಾಗಿಯೂ ಬರಬಾರದು. ಬೆರಳಿಗೆ ಹಗುರವಾದ ಎಳೆತ ತಿಳಿಯಬೇಕು. ಇದು ಓದಿ ಬರುವುದಲ್ಲ. ನಾಲ್ಕಕ್ಕೂ ಒಂದೇ ಎಳೆತ ಬಂದರೆ, ಅಂಕ ಒಂದು ಥೌ ಆಚೀಚೆಯಾದರೂ ಎಂಜಿನ್ನು ಮೃದುವಾಗಿ ನಿಲ್ಲುತ್ತದೆ.

ಗ್ಯಾಪ್ ಸರಿಯಿದ್ದೂ ಕಿಡಿ ಸೊರಗಿದರೆ ಹೆಚ್ಚಿನವರು ನೋಡದ ಒಂದು ಜಾಗವಿದೆ, ಕಾಯಿಲಿನ ಎರಡು ಸಣ್ಣ ವೈರುಗಳು. ಹಳೆಯ ಬ್ರಿಟಿಷ್ ನಕ್ಷೆಯ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಅರ್ತ್ ಆಗಿತ್ತು. ಆಮೇಲೆ ಯಾರೋ ರೇಡಿಯೊ ಹಾಕಿಸಲೆಂದು ಬ್ಯಾಟರಿಯನ್ನು ತಿರುಗಿಸಿರುತ್ತಾರೆ, ಕಾಯಿಲಿನ ವೈರನ್ನು ತಿರುಗಿಸಲು ಮರೆತಿರುತ್ತಾರೆ. ಆಗ ಕಿಡಿ ಕಾದ ನಡುಕಡ್ಡಿಯಿಂದ ಹೊರಡುವ ಬದಲು ತಣ್ಣನೆಯ ಕೊಕ್ಕೆಯಿಂದ ಹೊರಡಬೇಕಾಗುತ್ತದೆ, ಅದಕ್ಕೆ ಹೆಚ್ಚು ವೋಲ್ಟೇಜು ಬೇಕು. ಪರೀಕ್ಷೆಗೆ ಸೀಸದಕಡ್ಡಿ ಸಾಕು. ಪ್ಲಗ್ಗಿನ ತಲೆಗೂ ವೈರಿನ ತುದಿಗೂ ನಡುವೆ ಪೆನ್ಸಿಲ್ಲಿನ ಸೀಸದ ಮೊನೆ ಹಿಡಿದರೆ ಕಿಡಿ ಒಂದು ಪಕ್ಕದಲ್ಲಿ ಉರಿಯ ಹಾಗೆ ಹರಡುತ್ತದೆ. ಪ್ಲಗ್ಗಿನ ಪಕ್ಕದಲ್ಲಿ ಹರಡಿದರೆ ಸರಿ, ವೈರಿನ ಪಕ್ಕದಲ್ಲಿ ಹರಡಿದರೆ ಕಾಯಿಲಿನ ವೈರು ಅದಲುಬದಲು. ವೈರನ್ನು ಬರಿಗೈಯಲ್ಲಿ ಹಿಡಿಯಬೇಡಿ, ಹತ್ತು ಸಾವಿರ ವೋಲ್ಟಿನ ಮಾತು ಅದು.

ಇನ್ನು ಕಬ್ಬು. ಮಂಡ್ಯದಲ್ಲಿ ಮೈಷುಗರ್ ಕಂಪನಿ ಹುಟ್ಟಿದ್ದು 1933ರಲ್ಲಿ. ಆಮೇಲೆ ಜಿಲ್ಲೆಯಲ್ಲಿ ಖಾಸಗಿ ಕಾರ್ಖಾನೆಗಳೂ ಬಂದವು. ಸಕ್ಕರೆಯ ಜೊತೆಗೆ ಸಿಗುವ ಕಾಕಂಬಿಯಿಂದ ಎಥನಾಲ್ ತೆಗೆಯುತ್ತಾರೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯವಾಯಿತು. ಕಬ್ಬು ಬೆಳೆಯುವವನಿಗೆ ಬೇಡಿಕೆ ಹೆಚ್ಚಿದರೆ ಒಳ್ಳೆಯದೇ, ಬಟವಾಡೆ ಹೊತ್ತಿಗೆ ಸರಿಯಾಗಿ ಬಂದರೆ ಇನ್ನೂ ಒಳ್ಳೆಯದು. ಆದರೆ ಅದೇ ರೈತನ ಕೊಟ್ಟಿಗೆ ಪಕ್ಕದಲ್ಲಿ ಅಪ್ಪನ ಕಾಲದ ಜೀಪೊಂದು ನಿಂತಿದ್ದರೆ, ಅದರ ಪ್ಲಗ್ಗಿಗೆ ಈ ಪೆಟ್ರೋಲು ಹೊಸ ಲೆಕ್ಕ ಕಲಿಸುತ್ತದೆ.

ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಸಾಕು, ಏಕೆಂದರೆ ತನ್ನ ತೂಕದ ಮೂರನೇ ಒಂದಕ್ಕೂ ಹೆಚ್ಚು ಆಮ್ಲಜನಕವನ್ನು ಅದು ತನ್ನೊಳಗೇ ಹೊತ್ತು ತರುತ್ತದೆ. ಶೇ 20 ಬೆರೆತಾಗ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಹೊಸ ಕಾರಿನ ಕಂಪ್ಯೂಟರ್ ಇದನ್ನು ಅರಿತು ಪೆಟ್ರೋಲು ಹೆಚ್ಚಿಸುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ಗೊತ್ತಿರುವುದು ತನ್ನ ಜೆಟ್ಟಿನ ತೂತೊಂದೇ. ಮೊದಲಿನಷ್ಟೇ ಪೆಟ್ರೋಲು, ಮೊದಲಿನಷ್ಟೇ ಗಾಳಿ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಮೊದಲೇ ಪೆಟ್ರೋಲು ಹೆಚ್ಚು ಕುಡಿದು ಕರಿ ಹೊಗೆ ಬಿಡುತ್ತಿದ್ದ ಗಾಡಿ ಇದರಿಂದ ಸ್ವಲ್ಪ ಸುಧಾರಿಸಿದಂತೆಯೂ ಕಂಡೀತು. ಮಸಿ ಕಟ್ಟುತ್ತಿದ್ದ ಪ್ಲಗ್ಗು ಶುಭ್ರವಾದೀತು. ಹದವಾಗಿದ್ದ ಅಥವಾ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಎಳೆಯುತ್ತಿದ್ದ ಗಾಡಿ ಮಾತ್ರ ಆಕ್ಸಿಲರೇಟರ್ ತುಳಿದಾಗ ಕೆಮ್ಮುತ್ತದೆ, ಕಾರ್ಬ್ಯುರೇಟರಿನ ಬಾಯಲ್ಲಿ ಪಟ್ ಎನ್ನುತ್ತದೆ. ತೆಳು ಮಿಶ್ರಣಕ್ಕೆ ಬೆಂಕಿ ಹಚ್ಚುವುದು ಕಷ್ಟ. ಆಗಲೇ ಪ್ಲಗ್ ಬದಲಿಸುವ, ಗ್ಯಾಪ್ ಅಗಲಿಸುವ, ಹಾಟ್ ಪ್ಲಗ್ ಹಾಕುವ ಸಲಹೆಗಳು ಬರುವುದು. ಮೂರೂ ತಪ್ಪು ದಿಕ್ಕು. ಬದಲಿಸಬೇಕಾದ್ದು ಮೇನ್ ಜೆಟ್, ಒಂದೋ ಎರಡೋ ಅಳತೆ ದೊಡ್ಡದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದ ತುಕ್ಕನ್ನು ಕದಡುತ್ತದೆ. ಜೆಟ್ಟಿಗೆ ಕೈಹಾಕುವ ಮೊದಲು ಫಿಲ್ಟರ್ ನೋಡುವುದು ಜಾಣತನ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕಿನಲ್ಲಿ ಈ ಪೆಟ್ರೋಲನ್ನು ಉಳಿಸದಿರುವುದು ಇನ್ನೂ ಜಾಣತನ.

ಸಣ್ಣಪುಟ್ಟವನ್ನು ಬೇಗ ಹೇಳಿಬಿಡುತ್ತೇನೆ. ಇರಿಡಿಯಂ ಪ್ಲಗ್ಗು ಹಳೆಯ ಎಂಜಿನ್ನಿಗೆ ದುಡ್ಡು ದಂಡ. ಅದರ ಸೂಜಿಯಂಥ ತುದಿ ಗ್ಯಾಪ್ ಹಿಡಿಯುವ ಕೈಗೆ ಮುರಿಯುತ್ತದೆ. ಸಂಕೇತದಲ್ಲಿ ಆರ್ ಅಕ್ಷರವಿರುವ ರೆಸಿಸ್ಟರ್ ಪ್ಲಗ್ಗು ಮ್ಯಾಗ್ನೆಟೋ ಗಾಡಿಗೆ ಬೇಡ. ಕಾಯಿಲ್ ಗಾಡಿಗೆ ನಡೆದರೂ ವೈರಿನ ತುದಿಯಲ್ಲಿ ಇನ್ನೊಂದು ರೆಸಿಸ್ಟರ್ ಇಲ್ಲವೆಂದು ನೋಡಿಕೊಳ್ಳಿ. ಮರಳು ಊದಿ ಪ್ಲಗ್ ತೊಳೆಯುವ ಯಂತ್ರ ಹಿಂದೆ ದೊಡ್ಡ ಗ್ಯಾರೇಜುಗಳಲ್ಲಿ ಇರುತ್ತಿತ್ತು. ಮೂಗಿನ ಸಂದಿಯಲ್ಲಿ ಉಳಿದ ಒಂದೆರಡು ಕಾಳು ಮರಳು ಸಿಲಿಂಡರಿಗೆ ಬಿದ್ದರೆ ಗೀರು ಖಚಿತ, ಆದ್ದರಿಂದ ಪೆಟ್ರೋಲು ಮತ್ತು ಹಿತ್ತಾಳೆಯ ಬ್ರಶ್ಶೇ ವಾಸಿ. ಬಿಗಿಯುವಾಗ ಮೊದಲು ಕೈಯಿಂದಲೇ ಪೂರ್ತಿ ತಿರುಗಿಸಿ, ಆಮೇಲೆ ಪ್ಲಗ್ ಪಾನಾ. ಹೊಸ ವಾಷರ್ ಇದ್ದರೆ ಅರ್ಧ ಸುತ್ತು, ಹಳೆಯದಾದರೆ ಕಾಲು ಸುತ್ತು. ಪಾನಾಕ್ಕೆ ಪೈಪು ಹಾಕಿ ಬಿಗಿಯುವವರ ಕೈಗೆ ಕಾರು ಕೊಡಬೇಡಿ.

ಇಷ್ಟೆಲ್ಲ ಆದ ಮೇಲೆ ಪ್ಲಗ್ಗನ್ನು ಓದಬೇಕು. ಐಡ್ಲಿಂಗಿನಲ್ಲಿ ನಿಂತ ಎಂಜಿನ್ನಿನ ಪ್ಲಗ್ಗು ಐಡ್ಲಿಂಗಿನ ಕಥೆಯನ್ನಷ್ಟೇ ಹೇಳುತ್ತದೆ. ಕಬ್ಬಿನ ಗಾಡಿಗಳಿಲ್ಲದ ಹೊತ್ತಿನಲ್ಲಿ ಮಳವಳ್ಳಿಯ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ತುಳಿದು ಆಗಲೇ ಕೀಲಿ ತಿರುಗಿಸಿ, ಉರುಳಿಸಿಕೊಂಡು ಬಂದು ಮರದ ನೆರಳಿಗೆ ನಿಲ್ಲಿಸಬೇಕು. ತಣಿಯಲು ಬಿಟ್ಟು ನಾಲ್ಕನ್ನೂ ಬಿಚ್ಚಿ, ಒಂದರಿಂದ ನಾಲ್ಕರವರೆಗೆ ಸಾಲಾಗಿ ಇಡಬೇಕು, ಕಲಸಬಾರದು. ಬಿಸ್ಕತ್ತಿನ ಬಣ್ಣ ಬಂದಿದ್ದರೆ ಹದ. ಒಣ ಮಸಿ ಪೆಟ್ರೋಲು ಹೆಚ್ಚೆಂದು ಹೇಳುತ್ತದೆ, ಹಸಿ ಜಿಡ್ಡು ಎಣ್ಣೆ ಏರುತ್ತಿದೆಯೆಂದು. ಸುಣ್ಣದಂಥ ಬಿಳುಪು, ಮೇಲೆ ಬೊಬ್ಬೆಗಳಿದ್ದರೆ ಮಿಶ್ರಣ ತೆಳು ಅಥವಾ ಟೈಮಿಂಗ್ ಮುಂದೆ ಹೋಗಿದೆ. ದೇಶದಲ್ಲಿ ಸೀಸ ಬೆರೆತ ಪೆಟ್ರೋಲು 2000ದಲ್ಲಿ ಪೂರ್ತಿ ನಿಂತಿತು; ಅದಕ್ಕೂ ಹಿಂದಿನ ಪುಸ್ತಕಗಳ ಬಣ್ಣದ ಚಿತ್ರಗಳಿಗಿಂತ ಈಗಿನ ಪ್ಲಗ್ಗು ಒಂದು ಛಾಯೆ ಬಿಳುಪಾಗಿಯೇ ಕಾಣುತ್ತದೆ, ಅದಕ್ಕೆ ಹೆದರಬೇಕಿಲ್ಲ. ನಾಲ್ಕೂ ಒಂದೇ ರೀತಿ ಕೆಟ್ಟಿದ್ದರೆ ಕಾರ್ಬ್ಯುರೇಟರ್ ಕಡೆ ನೋಡಿ. ಒಂದೇ ಒಂದು ಬೇರೆಯಿದ್ದರೆ ಆ ಸಿಲಿಂಡರನ್ನು ನೋಡಿ. ಪಕ್ಕಪಕ್ಕದ ಎರಡು ಕೆಟ್ಟಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ.

ನಾಲ್ಕೂ ಹದವಾಗಿ ಬಂದ ದಿನ ಪ್ಲಗ್ಗಿನ ಪೂರ್ತಿ ಸಂಕೇತ, ಗ್ಯಾಪು, ಜೆಟ್ಟಿನ ಅಳತೆ ಮೂರನ್ನೂ ಬಾನೆಟ್ಟಿನ ಒಳಮೈಗೆ ಪೇಂಟಿನಲ್ಲಿ ಬರೆದಿಡುವುದು ಒಳ್ಳೆಯದು. ಬ್ಯಾಟರಿಯ ಯಾವ ತುದಿ ಅರ್ತ್ ಎಂಬುದನ್ನೂ ಸೇರಿಸಿ.